ವಿದ್ಯಾರ್ಥಿನಿಲಯದ ಇರುಳು

ಹದಿಹರೆಯದ ಓದುಗರಿಗಾಗಿ ಬರೆದ ಭಯದ ಕಥೆಗಳೆಂದರೆ ನಮ್ಮ ವಿಮರ್ಶೆ ಮೂಗು ಮುರಿಯುವುದು ವಾಡಿಕೆ. ಬಸ್ ನಿಲ್ದಾಣದಲ್ಲಿ ಕೊಂಡು, ಊರು ತಲಪುವಷ್ಟರಲ್ಲಿ ಓದಿ, ಆಸನದ ಮೇಲೆಯೇ ಬಿಟ್ಟಿಳಿಯುವ ಪುಸ್ತಕಗಳ ಸಾಲಿಗೆ ಅವನ್ನು ಸೇರಿಸಿ ನಾವು ನಿಶ್ಚಿಂತರಾಗುತ್ತೇವೆ. ಆದರೆ ಇಂಗ್ಲಿಷಿನಲ್ಲಿ ಇಂಥ ಕಥೆಗೆ, ಅದರಲ್ಲಿಯೂ ವಸತಿಶಾಲೆಯಲ್ಲಿ ನಡೆಯುವ ಕಥೆಗೆ, ದೀರ್ಘವಾದ ವಂಶಾವಳಿಯೇ ಉಂಟು. ಅದನ್ನು ಬಿಡಿಸಿ ನೋಡಿದರೆ ನಮ್ಮ ತಾತ್ಸಾರ ಅಷ್ಟು ಸಲೀಸಾಗಿ ನಿಲ್ಲಲಾರದು.

ಹೊರೇಸ್ ವಾಲ್ಪೋಲ್ 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಎಂಬ ಕಾದಂಬರಿಯನ್ನು ಪ್ರಕಟಿಸಿ, ಮರುವರ್ಷದ ಮುದ್ರಣದಲ್ಲಿ ಅದನ್ನು 'ಗಾಥಿಕ್ ಕಥೆ' ಎಂದು ಕರೆದನು. ಹಳೆಯ ಕೋಟೆ, ನೆಲದಡಿಯ ಹಾದಿ, ಪೂರ್ವಿಕರ ಪಾಪ, ತಪ್ಪಿಸಿಕೊಳ್ಳಲಾರದ ಹೆಣ್ಣು—ಇವು ಆ ಪ್ರಕಾರದ ಸಾಮಗ್ರಿ. ಕೋಟೆಗಳ ಕಾಲ ಮುಗಿದ ಮೇಲೆ ಈ ಭಯಕ್ಕೆ ಬೇರೊಂದು ಮನೆ ಬೇಕಾಯಿತು. ಎತ್ತರದ ಗೋಡೆ, ಬೀಗ ಹಾಕಿದ ಬಾಗಿಲು, ಪ್ರಶ್ನಿಸಲಾಗದ ಒಡೆಯ—ಇವೆಲ್ಲ ಒಟ್ಟಿಗೆ ದೊರೆಯುವ ಸ್ಥಳ ವಸತಿಶಾಲೆಯಲ್ಲದೆ ಮತ್ತಾವುದು?

ಷಾರ್ಲೆಟ್ ಬ್ರಾಂಟಿಗೆ ಇದು ಬರಿಯ ಕಲ್ಪನೆಯಾಗಿರಲಿಲ್ಲ. 1824ರಲ್ಲಿ ಅವಳೂ ಅವಳ ಮೂವರು ಸೋದರಿಯರೂ ಕೋವನ್ ಬ್ರಿಜ್ ಎಂಬಲ್ಲಿ ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ ತೆರೆದಿದ್ದ ಶಾಲೆಯನ್ನು ಸೇರಿದರು. ಮರುವರ್ಷವೇ ಅಲ್ಲಿಂದ ಕಾಯಿಲೆ ಹೊತ್ತು ಮರಳಿದ ಅಕ್ಕಂದಿರಿಬ್ಬರೂ ತೀರಿಕೊಂಡರು. ಮರಿಯಾಗೆ ಆಗ 11 ವರ್ಷ, ಎಲಿಜಬೆತ್‌ಗೆ 10. ಇಪ್ಪತ್ತೆರಡು ವರ್ಷಗಳ ತರುವಾಯ, 1847ರಲ್ಲಿ, 'ಜೇನ್ ಏರ್' ಹೊರಬಂದಿತು. ಅದರಲ್ಲಿನ ಲೋವುಡ್ ಶಾಲೆಯಲ್ಲಿ ದೆವ್ವವೇನೂ ಇಲ್ಲ. ಸೀದುಹೋದ ಗಂಜಿಯಿದೆ, ಹೂಜಿಯಲ್ಲಿಯೇ ಹೆಪ್ಪುಗಟ್ಟಿದ ನೀರಿದೆ, ಹಸಿವು ಆತ್ಮಕ್ಕೆ ಹಿತವೆಂದು ಬೋಧಿಸುವ ಆಡಳಿತಗಾರನಿದ್ದಾನೆ, ಅವನ ಮಡದಿ ಮಕ್ಕಳಾದರೋ ರೇಷ್ಮೆಯುಟ್ಟು ಬರುತ್ತಾರೆ. ಒಂದಿರುಳು ಪುಟ್ಟ ಜೇನಳು ಗೆಳತಿ ಹೆಲೆನಳನ್ನು ತಬ್ಬಿ ಮಲಗುತ್ತಾಳೆ. ಬೆಳಗಾಗುವಷ್ಟರಲ್ಲಿ ಗೆಳತಿ ಜೀವಂತವಾಗಿಲ್ಲ. ಯಾವ ಪ್ರೇತವೂ ಹುಟ್ಟಿಸಲಾರದ ಭಯ ಅದು. 2005ರಲ್ಲಿ ಕಜುವೊ ಇಷಿಗುರೊ ಬರೆದ 'ನೆವರ್ ಲೆಟ್ ಮಿ ಗೋ' ಕಾದಂಬರಿಯ ಸೊಗಸಾದ ವಸತಿಶಾಲೆಯಲ್ಲಂತೂ ಮಕ್ಕಳನ್ನು ಬೆಳೆಸುವುದೇ ಮುಂದೆ ಅವರ ಅಂಗಾಂಗಗಳನ್ನು ಇತರರಿಗೆ ಕೊಡಿಸುವುದಕ್ಕಾಗಿ. ಅಲ್ಲಿಯೂ ದೆವ್ವವಿಲ್ಲ. ಮಗುವಿನ ಬೆಲೆಯನ್ನು ಮಗುವಿಗೆ ತಿಳಿಯದಂತೆ ಗೊತ್ತುಪಡಿಸುವ ವ್ಯವಸ್ಥೆಯಿದೆ.

ಈಗ ನಮ್ಮ ಕಡೆಗೆ ಬರೋಣ. ಕನ್ನಡ ನಾಡಿನಲ್ಲಿ ವಿದ್ಯಾರ್ಥಿನಿಲಯಗಳಿಗೆ ಕೊರತೆಯಿಲ್ಲ. ವಾರಾನ್ನದ ಕಾಲ ಕಳೆದಂತೆ ಮಠಗಳೂ ಜಾತಿಸಂಘಗಳೂ ಸರ್ಕಾರವೂ ಉಚಿತ ಊಟ ವಸತಿಯ ವ್ಯವಸ್ಥೆ ಮಾಡಿದವು. 1980ರ ದಶಕದಲ್ಲಿ ನವೋದಯ ವಿದ್ಯಾಲಯಗಳು, 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿಶಾಲೆಗಳು ಬಂದವು. ಇವು ಇಲ್ಲದಿದ್ದರೆ ಓದನ್ನೇ ಕಾಣದವರು ನಮ್ಮಲ್ಲಿ ಎಷ್ಟು ಜನ! ಆದುದರಿಂದಲೇ ಇರಬೇಕು, ವಿದ್ಯಾರ್ಥಿನಿಲಯವು ನಮ್ಮ ಸಾಹಿತ್ಯಕ್ಕೆ ಬಂದದ್ದು ಬಹುಮಟ್ಟಿಗೆ ಆತ್ಮಕಥೆಗಳ ಮೂಲಕ, ಹಸಿವಿನ ಹಾಗೂ ಕೃತಜ್ಞತೆಯ ನೆನಪಾಗಿ. ಉಂಡ ಮನೆಯನ್ನು ಭಯದ ಮನೆಯೆಂದು ಬಣ್ಣಿಸಲು ಲೇಖನಿ ಹಿಂಜರಿಯುತ್ತದೆ.

ನಾನು ವಾಸವಾಗಿರುವ ಹೆಗ್ಗನಹಳ್ಳಿಯಿಂದ ಮಾಗಡಿ ರಸ್ತೆ ಹಿಡಿದು ಪೇಟೆಯತ್ತ ಸಾಗಿದರೆ ಗೋಪಾಲಪುರ ಸಿಗುತ್ತದೆ. ಮಾಗಡಿ ಸೀಮೆಯ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿ 2021ರಲ್ಲಿ ನಮ್ಮನ್ನಗಲಿದ ಕವಿ ಸಿದ್ಧಲಿಂಗಯ್ಯನವರು ಅಲ್ಲಿನ ವಿದ್ಯಾರ್ಥಿನಿಲಯದಲ್ಲಿದ್ದು ಓದಿದವರು. ಅವರ ಆತ್ಮಕಥೆ 'ಊರುಕೇರಿ'ಯಲ್ಲಿ ಆ ದಿನಗಳ ಚಿತ್ರವಿದೆ. ಸ್ಮಶಾನದ ಏಕಾಂತವನ್ನು ಅರಸಿ ಹೋಗಿ, ಅಲ್ಲಿ ಕುಳಿತು ಓದಿ ಬರೆಯುತ್ತಿದ್ದ ತರುಣ ಅವರು. ಗಾಥಿಕ್ ಕಥೆಗಾರನಾದರೆ ಇಷ್ಟನ್ನೇ ಹಿಡಿದು ನೂರು ಪುಟ ನಡುಗಿಸುತ್ತಿದ್ದ. ಸಿದ್ಧಲಿಂಗಯ್ಯನವರಾದರೋ ನಗಿಸುತ್ತಾರೆ. ಆ ಕೃತಿಯನ್ನು ಕುರಿತು ಬರೆಯುತ್ತ ಡಿ. ಆರ್. ನಾಗರಾಜ್ ಅವರು ಬಡವರ ನಗುವಿನ ಶಕ್ತಿಯನ್ನು ಗುರುತಿಸಿದ್ದು ಉಚಿತವೇ ಆಗಿದೆ. ಬದುಕಿರುವವರ ನಡುವೆ ಅಸ್ಪೃಶ್ಯತೆಯನ್ನು ಕಂಡವನಿಗೆ ಸತ್ತವರ ಭಯ ಎಷ್ಟರದು? ಗೋರಿಯಾದರೂ ಜಾತಿ ಕೇಳುವುದಿಲ್ಲವಷ್ಟೆ.

ಆದರೆ ಎಲ್ಲ ಮಕ್ಕಳಿಗೂ ಈ ನಗು ಒಲಿಯುವುದಿಲ್ಲ. ಹೇಳಲಾಗದೆ ಉಳಿದವರ ಭಯಕ್ಕೆ ರೂಪವೊಂದು ಬೇಕು, ಮತ್ತು ಆ ರೂಪಕ್ಕೆ ಬೇಕಾದ ಸಾಮಗ್ರಿ ನಮ್ಮಲ್ಲಿಯೇ ಇದೆ. 1990ರ ದಶಕದಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಮನೆಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದದ್ದು ಹಲವರಿಗೆ ನೆನಪಿರಬಹುದು. ಇರುಳಿನಲ್ಲಿ ದೆವ್ವವೊಂದು ಬಂದು, ಮನೆಯವರದೇ ದನಿಯಲ್ಲಿ ಕರೆದು, ಬಾಗಿಲು ತೆರೆದವರನ್ನು ಒಯ್ಯುವುದೆಂದು ಸುದ್ದಿ. ಬರೆಹವನ್ನು ಓದಿ ಅದು ಮರಳಿ ಹೋಗಬೇಕು. ಅಕ್ಷರ ಬಲ್ಲ, ಮಾತಿಗೆ ತಪ್ಪದ ದೆವ್ವ! ನಾವು ನಕ್ಕೆವು. ಆದರೆ ಈ ವದಂತಿಯನ್ನು ವಿದ್ಯಾರ್ಥಿನಿಲಯದ ಬಾಗಿಲಿಗೆ ಒಯ್ದು ನೋಡಿ. ತಾಯಿಯನ್ನು ಬಿಟ್ಟು ಬಂದು ತಿಂಗಳಾಗಿರುವ ಹನ್ನೆರಡರ ಹುಡುಗಿಗೆ ನಡುರಾತ್ರಿ ತಾಯಿಯ ದನಿ ಕೇಳಿಸುತ್ತದೆ. ಅವಳು ಜಗತ್ತಿನಲ್ಲಿ ಕೇಳಬಯಸುವ ದನಿಯೇ ಅದು. ತೆರೆಯಬಾರದೆಂದು ಹೇಳಿರುವ ಬಾಗಿಲೂ ಅದೇ. ಕನ್ನಡದ ಕಾದಂಬರಿಯೊಂದು ಇಲ್ಲಿಂದಲೇ ಹೊರಡಬಹುದು.

ಇಂಥ ಕೃತಿಯನ್ನು ಅಳೆಯಲು ಒಂದು ಒರೆಗಲ್ಲನ್ನು ಸೂಚಿಸುತ್ತೇನೆ. ಕಥೆಯಿಂದ ದೆವ್ವವನ್ನು ತೆಗೆದುಹಾಕಿ. ಆಗಲೂ ಅಲ್ಲೊಂದು ಅನ್ಯಾಯ ಉಳಿದರೆ ಅದು ಸಾಹಿತ್ಯ; ಏನೂ ಉಳಿಯದಿದ್ದರೆ ಬರಿಯ ಕಿರಿಚಾಟ. 'ಜೇನ್ ಏರ್' ಈ ಪರೀಕ್ಷೆಯಲ್ಲಿ ನಿಲ್ಲುತ್ತದೆ. ನಮ್ಮ ಚಲನಚಿತ್ರಗಳ ಬಿಳಿಸೀರೆಯ ಮೋಹಿನಿಯರು ಬಹುಪಾಲು ನಿಲ್ಲುವುದಿಲ್ಲ.

ಇದು ಕೇವಲ ಸಾಹಿತ್ಯದ ಮಾತೂ ಅಲ್ಲ. ಹೆಗ್ಗನಹಳ್ಳಿ, ಸುಂಕದಕಟ್ಟೆ, ಪೀಣ್ಯದ ಸುತ್ತಿನಲ್ಲಿ ಕಾರ್ಖಾನೆಯ ಪಾಳಿಗೆ ಹೋಗುವ ತಂದೆತಾಯಿಗಳಲ್ಲಿ ಮಗುವನ್ನು ದೂರದ ವಸತಿಶಾಲೆಯಲ್ಲಿಟ್ಟು ದುಡಿಯುವವರಿದ್ದಾರೆ. ರಜೆಗೆ ಬಂದ ಮಗು, 'ಅಲ್ಲಿ ಬಚ್ಚಲುಮನೆಯ ಹತ್ತಿರ ದೆವ್ವವಿದೆ, ನಾನು ಹೋಗುವುದಿಲ್ಲ' ಎಂದರೆ ನಾವೇನು ಮಾಡುತ್ತೇವೆ? ಗದರಿಸುತ್ತೇವೆ, ಇಲ್ಲವೇ ತಾಯಿತ ಕಟ್ಟಿಸುತ್ತೇವೆ. ಅಲ್ಲಿ ದೀಪವಿಲ್ಲದಿರಬಹುದು. ಹೊಡೆಯುವ ಹಿರಿಯ ಹುಡುಗನಿರಬಹುದು. ಅದಕ್ಕಿಂತ ಕೆಟ್ಟದ್ದೂ ಇರಬಹುದು. ಮೇಲ್ವಿಚಾರಕರ ಮುಂದೆ ಹೇಳಲಾಗದ ದೂರನ್ನು ಮಗುವು ದೆವ್ವದ ಭಾಷೆಯಲ್ಲಿ ಹೇಳುತ್ತಿರಬಹುದು. ಆ ಭಾಷೆಯನ್ನು ಓದಲು ನಮ್ಮನ್ನು ಅಣಿಗೊಳಿಸುವ ಕಥೆ ಕನ್ನಡದಲ್ಲಿ ಬರಲಿ. ಅದನ್ನು ಮಕ್ಕಳು ಓದಿ ಮುಗಿಸಿದ ಮೇಲೆ ಹಿರಿಯರೂ ಒಮ್ಮೆ ಕೈಗೆತ್ತಿಕೊಳ್ಳಲಿ.