18 ಅಡಿ ಬೋಟಾ, 28 ಅಡಿನಾ? ಚಿಕ್ಕಪ್ಪನ ಅಡಿಕೆ ದುಡ್ಡಿನ ಲೆಕ್ಕ

ಬೀರೂರಿಂದ ಮಾತಾಡ್ತಾ ಇದೀನಿ. ಮಧ್ಯೆ ರೈಲಿನ ಹಾರನ್ ಕೇಳಿಸಿದ್ರೆ ಬೇಜಾರ್ ಮಾಡ್ಕೋಬೇಡಿ, ಮನೆ ಇರೋದೇ ಜಂಕ್ಷನ್ ಪಕ್ಕ.

ಇವತ್ತು ಮೋಟಾರ್ ಬೋಟ್ ಬಗ್ಗೆ. ಬೀರೂರಲ್ಲಿ ಕೂತ್ಕೊಂಡು ಬೋಟ್ ಬಗ್ಗೆ ಏನಮ್ಮ ನಿನ್ನ ಮಾತು ಅಂತೀರಿ, ಗೊತ್ತು. ನಮಗೆ ಹತ್ತಿರದ ಬೋಟ್ ಅಂದ್ರೆ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯದು, ಭದ್ರಾ ಹಿನ್ನೀರಲ್ಲಿ ಜಂಗಲ್ ಲಾಡ್ಜಸ್‌ನವರು ಸಫಾರಿಗೆ ಓಡಿಸ್ತಾರಲ್ಲ, ಅದು. ಪಕ್ಕದಲ್ಲೇ ಹುಲಿ ಸಂರಕ್ಷಿತ ಪ್ರದೇಶ. ನಾವು ನೀವು ಒಂದು ಬೋಟ್ ತಂದು ಅಲ್ಲಿ ಬಿಟ್ಟುಬಿಡೋಕೆ ಆಗಲ್ಲ. ಹಾಗಾಗಿ ನಮ್ಮ ಚಿಕ್ಕಮ್ಮನ ಮಗ ಘಟ್ಟ ಇಳಿದಿದ್ದಾನೆ. ಉಡುಪಿ ಕಡೆ ಒಂದು ಹೋಂಸ್ಟೇಯಲ್ಲಿ ಎರಡು ವರ್ಷದಿಂದ ಕೆಲಸ. ಹೋದ ತಿಂಗಳು ರಾತ್ರಿ ಹತ್ತೂವರೆಗೆ ಫೋನ್: "ಅಕ್ಕಾ, ಬೋಟ್ ತಗೊಳ್ತಾ ಇದೀನಿ. ಅಪ್ಪ ದುಡ್ಡು ಕೊಡ್ತೀನಿ ಅಂದಿದ್ದಾರೆ."

ಅಪ್ಪ ಅಂದ್ರೆ ನಮ್ಮ ಚಿಕ್ಕಪ್ಪ. ದುಡ್ಡು ಅಂದ್ರೆ ಈ ಸಲದ ಅಡಿಕೆ ಮಾರಿದ್ದು, ಜೊತೆಗೆ ತಂಗಿ ಮದುವೆಗೆ ಅಂತ ಎತ್ತಿಟ್ಟಿದ್ದು. ಅದಕ್ಕೇ ನಾನು ಎದ್ದು ಕೂತು ಕ್ಯಾಲ್ಕುಲೇಟರ್ ತೆಗೆದೆ.

ಅವನ ಪ್ಲಾನ್ ಕೆಟ್ಟದ್ದಲ್ಲ. ಕೆಮ್ಮಣ್ಣು, ಕೋಡಿ ಬೆಂಗ್ರೆ ಕಡೆ ಸ್ವರ್ಣಾ ನದಿಯಲ್ಲಿ ಪ್ರವಾಸಿಗರನ್ನ ಒಂದು ಗಂಟೆ ಸುತ್ತಿಸೋದು. ಎರಡು ಸೆಕೆಂಡ್ ಹ್ಯಾಂಡ್ ಬೋಟ್ ನೋಡಿದ್ದ. ಒಂದು 18 ಅಡಿ, 40 ಎಚ್‌ಪಿ ಪೆಟ್ರೋಲ್ ಔಟ್‌ಬೋರ್ಡ್ ಇಂಜಿನ್, ಆರು ಜನಕ್ಕೆ. ಇನ್ನೊಂದು 28 ಅಡಿ, 100 ಎಚ್‌ಪಿಯ ಎರಡು ಇಂಜಿನ್, ಹದಿನಾರು ಜನಕ್ಕೆ. ದೊಡ್ಡದು "ಚೀಪಾಗಿ ಸಿಗ್ತಾ ಇದೆ ಅಕ್ಕ" ಅಂದ. ದೊಡ್ಡ ಬೋಟ್ ಚೀಪಾಗಿ ಯಾಕೆ ಸಿಗುತ್ತೆ ಕಣೋ ಅಂದೆ. ಆ ಕಡೆಯಿಂದ ಉತ್ತರ ಇಲ್ಲ.

ಮೊದಲು ಉದ್ದ ನೋಡೋಣ. 18ರಿಂದ 28 ಅಂದ್ರೆ ಒಂದೂವರೆ ಪಟ್ಟು ಅನ್ನಿಸುತ್ತೆ. ಆದ್ರೆ ಬೋಟ್ ಉದ್ದ ಬೆಳೆದಾಗ ಅಗಲ, ಆಳವೂ ಬೆಳೆಯುತ್ತೆ. ಮೂರೂ ಅದೇ ಲೆಕ್ಕದಲ್ಲಿ ಬೆಳೆದ್ರೆ ಗಾತ್ರ ಸುಮಾರು ಮೂರೂಮುಕ್ಕಾಲು ಪಟ್ಟು. ಇಂಜಿನ್ ಎಳೆಯಬೇಕಾಗಿರೋದು ಆ ಗಾತ್ರದ ತೂಕವನ್ನ.

ಈಗ ಪೆಟ್ರೋಲ್. ಬೋಟಿಗೆ ಕಿಲೋಮೀಟರ್ ಮೈಲೇಜ್ ಕೇಳಬೇಡಿ, ಗಂಟೆಗೆ ಎಷ್ಟು ಲೀಟರ್ ಅಂತ ಕೇಳಿ. ಒಂದು ಅಂದಾಜು ಇದೆ: ಪೂರ್ತಿ ಥ್ರಾಟಲ್ ಕೊಟ್ಟಾಗ ಪೆಟ್ರೋಲ್ ಔಟ್‌ಬೋರ್ಡ್ ಪ್ರತಿ 10 ಎಚ್‌ಪಿಗೆ ಗಂಟೆಗೆ ಮೂರೂವರೆಯಿಂದ ನಾಲ್ಕು ಲೀಟರ್ ಕುಡಿಯುತ್ತೆ. ಅಂದ್ರೆ 40 ಎಚ್‌ಪಿಗೆ ಹದಿನೈದು ಲೀಟರ್, 200 ಎಚ್‌ಪಿಗೆ ಎಪ್ಪತ್ತೈದು. ಯಾರೂ ಯಾವಾಗಲೂ ಪೂರ್ತಿ ತಿರುವಿಕೊಂಡು ಓಡಿಸಲ್ಲ, ಅರ್ಧ ಅಂತ ಇಟ್ಕೊಳ್ಳಿ. ಚಿಕ್ಕದಕ್ಕೆ 8 ಲೀಟರ್, ದೊಡ್ಡದಕ್ಕೆ 40. ಲೆಕ್ಕ ಸುಲಭ ಆಗ್ಲಿ ಅಂತ ಲೀಟರಿಗೆ ನೂರು ರೂಪಾಯಿ ಹಿಡಿದೆ. ಗಂಟೆಗೆ 800, ಮತ್ತೆ 4,000.

ತಲೆಗೆ 400 ರೂಪಾಯಿ ಟಿಕೆಟ್ ಅನ್ನೋಣ, ಇದೂ ನನ್ನ ಅಂದಾಜೇ. ಬೋಟ್ ತುಂಬಿದ್ರೆ ಚಿಕ್ಕದರಲ್ಲಿ ಪೆಟ್ರೋಲ್ ಕಳೆದು 1,600 ಉಳಿಯುತ್ತೆ, ದೊಡ್ಡದರಲ್ಲಿ 2,400. ಇಷ್ಟು ನೋಡಿದ್ರೆ ದೊಡ್ಡದೇ ಸರಿ. ನಮ್ಮ ತಮ್ಮ ಹೇಳಿದ್ದೂ ಇದನ್ನೇ. ಅವನ ತಲೆಯಲ್ಲಿ ಇದ್ದದ್ದು ಡಿಸೆಂಬರ್ ಕೊನೆಯ ಭಾನುವಾರ. ನಾನು ಕೇಳಿದ್ದು ಫೆಬ್ರವರಿಯ ಮಂಗಳವಾರ. ನಾಲ್ಕೇ ಜನ ಬಂದ್ರೆ? ಚಿಕ್ಕದರಲ್ಲಿ ಆಗಲೂ 800 ಉಳಿಯುತ್ತೆ. ದೊಡ್ಡದರಲ್ಲಿ ಕೈಯಿಂದ 2,400 ಹೋಗುತ್ತೆ. ಚಿಕ್ಕದಕ್ಕೆ ಇಬ್ಬರು ಕೂತರೆ ಪೆಟ್ರೋಲ್ ದುಡ್ಡು ಹುಟ್ಟುತ್ತೆ, ದೊಡ್ಡದಕ್ಕೆ ಹತ್ತು ಜನ ಬೇಕು. ಬಿ.ಕಾಂ.ನಲ್ಲಿ ಬ್ರೇಕ್ ಈವನ್ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ. ಬೀರೂರಿಂದ ಕಡೂರಿಗೆ ಹೋಗೋ ಆಟೋದವರಿಗೆ ಇದು ಯಾವ ಕಾಲೇಜಿಗೂ ಹೋಗದೆ ಗೊತ್ತಿದೆ. ತುಂಬೋವರೆಗೂ ಗಾಡಿ ಎತ್ತಲ್ಲ ಅವರು. ಆದ್ರೆ ಪ್ರವಾಸಿಗರನ್ನ ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾಯಿಸೋಕೆ ಆಗುತ್ತಾ?

ಇದು ಬರೀ ಪೆಟ್ರೋಲ್. ಎರಡು ಇಂಜಿನ್ ಅಂದ್ರೆ ಆಯಿಲ್, ಪ್ಲಗ್, ವಾಟರ್ ಪಂಪ್ ಇಂಪೆಲ್ಲರ್ ಎಲ್ಲಾ ಎರಡೆರಡು. ನದಿ ಸಮುದ್ರ ಸೇರೋ ಜಾಗದಲ್ಲಿ ನೀರು ಉಪ್ಪು. ದಿನಾ ಸಂಜೆ ಇಂಜಿನ್ ಒಳಗೆ ಸಿಹಿನೀರು ಹಾಯಿಸಿ ತೊಳೀಬೇಕು. ತಳಕ್ಕೆ ಚಿಪ್ಪುಹುಳ ಅಂಟಿಕೊಂಡ್ರೆ ಅದೇ ವೇಗಕ್ಕೆ ಇನ್ನೂ ಹೆಚ್ಚು ಎಣ್ಣೆ ಬೇಕು, ಹಾಗಾಗಿ ಆಗಾಗ ಮೇಲೆತ್ತಿ ಕೆರೆದು ಪೇಂಟ್ ಹೊಡೀಬೇಕು. ಒಳನಾಡು ಹಡಗುಗಳ ಕಾಯ್ದೆ 2021ರ ಪ್ರಕಾರ ಸರ್ವೆ, ನೋಂದಣಿ, ವಿಮೆ, ಓಡಿಸೋರಿಗೆ ಸರ್ಟಿಫಿಕೇಟ್ ಬೇಕು. ಆಮೇಲೆ ಮಳೆಗಾಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ಬಂದ್. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋ ಬೋಟ್‌ಗಳೂ ಮಳೆಗಾಲದಲ್ಲಿ ನಿಲ್ಲುತ್ತವೆ. ಪ್ರವಾಸಿ ಬೋಟಿನವನಿಗೆ ವರ್ಷದಲ್ಲಿ ಮೂರು ತಿಂಗಳು ಆದಾಯ ಇಲ್ಲ ಅಂತಲೇ ಇಟ್ಕೋಬೇಕು. ಇಎಂಐಗೆ ಮಳೆಗಾಲ ಗೊತ್ತಿಲ್ಲ.

"ಮಲ್ಪೆಯಲ್ಲಿ ಎಷ್ಟು ದೊಡ್ಡ ದೊಡ್ಡ ಬೋಟ್ ಓಡಿಸ್ತಾರಲ್ಲ ಅಕ್ಕ" ಅಂದ. ಓಡಿಸ್ತಾರೆ, ಮೀನು ಹಿಡಿಯೋಕೆ. ಆಳಸಮುದ್ರದ ಟ್ರಾಲರ್ ಒಂದು ಸಲ ಹೋದ್ರೆ ವಾರಗಟ್ಟಲೆ ಅಲ್ಲೇ ಇರುತ್ತೆ, ಐಸ್, ನೀರು, ಡೀಸೆಲ್ ಎಲ್ಲಾ ಹೊತ್ತುಕೊಂಡು. ಗಾತ್ರ ಅವರಿಗೆ ಅನಿವಾರ್ಯ. ಅಷ್ಟಾದ್ರೂ ಅವರ ಖರ್ಚಲ್ಲಿ ದೊಡ್ಡ ಪಾಲು ಡೀಸೆಲ್ಲೇ. ಅದಕ್ಕೇ ಸರ್ಕಾರ ಮೀನುಗಾರಿಕೆ ಬೋಟ್‌ಗಳಿಗೆ ಮಾರಾಟ ತೆರಿಗೆ ಇಲ್ಲದ ಡೀಸೆಲ್ ಕೊಡೋದು. 2023-24ರ ರಾಜ್ಯ ಬಜೆಟ್‌ನಲ್ಲಿ ಅದರ ಮಿತಿಯನ್ನ ಒಂದೂವರೆ ಲಕ್ಷ ಕಿಲೋಲೀಟರ್‌ನಿಂದ ಎರಡು ಲಕ್ಷಕ್ಕೆ ಏರಿಸಿದ್ರು. ಪ್ರವಾಸಿಗರನ್ನ ಸುತ್ತಿಸೋ ನಿನಗೆ ಆ ಡೀಸೆಲ್ ಸಿಗಲ್ಲ ಕಣೋ ಅಂದೆ.

ಹಾಗಾದ್ರೆ ಚಿಕ್ಕದೇ ತಗೋ ಅಂತ ಹೇಳಿ ಫೋನ್ ಇಡೋಣ ಅಂದ್ಕೊಂಡೆ. ಆಮೇಲೆ ನನ್ನ ಲೆಕ್ಕದ ಮೇಲೆ ನನಗೇ ಅನುಮಾನ ಬಂತು. ಆರು ಸೀಟಿನ ಬೋಟು, ಕ್ರಿಸ್‌ಮಸ್ ರಜೆ, ಒಂಬತ್ತು ಜನರ ಕುಟುಂಬ ಬರುತ್ತೆ. "ಅಡ್ಜಸ್ಟ್ ಮಾಡ್ಕೊಳಿ" ಅಂತ ಯಾರಾದ್ರೂ ಅಂದೇ ಅಂತಾರೆ. 2023ರ ಮೇ 7ರಂದು ಕೇರಳದ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ಬೋಟ್ ಮಗುಚಿ 22 ಜನ ಸತ್ತರು. ಅದರಲ್ಲಿ ಮಕ್ಕಳೂ ಇದ್ರು. ಮಿತಿ ಮೀರಿ ಜನ ಹತ್ತಿಸಿದ್ರು. ಲೆಕ್ಕ ಹುಟ್ಟದ ಬೋಟಿನಲ್ಲಿ ಇನ್ನಿಬ್ಬರನ್ನ ಹತ್ತಿಸೋ ಆಸೆ ಇನ್ನೂ ಜಾಸ್ತಿ. ಇದನ್ನ ನಾನು ಎಕ್ಸೆಲ್‌ನಲ್ಲಿ ಎಲ್ಲಿ ಬರೀಲಿ?

ಎರಡು ದಿನ ಓದಿದೆ. ಆಗ ತಿಳೀತು, ನಾವಿಬ್ಬರೂ ಕೇಳ್ತಾ ಇದ್ದ ಪ್ರಶ್ನೆಯೇ ತಪ್ಪು. ಎಣ್ಣೆ ಕುಡಿಯೋದು ಉದ್ದಕ್ಕಿಂತ ಹೆಚ್ಚಾಗಿ ವೇಗ. ನಿಧಾನಕ್ಕೆ ಹೋಗೋ ಬೋಟ್ ನೀರನ್ನ ಸೀಳಿಕೊಂಡು ಹೋಗುತ್ತೆ. ಜೋರಾಗಿ ಹೋಗೋದು ಮೂಗೆತ್ತಿ ನೀರಿನ ಮೇಲೆ ಜಾರುತ್ತೆ, ಅಷ್ಟು ತೂಕ ಎತ್ತಿ ಹಿಡಿಯೋಕೆ ನೂರಾರು ಎಚ್‌ಪಿ ಬೇಕು. ಸೀಳಿಕೊಂಡು ಹೋಗೋ ಬೋಟಿಗೆ ಒಂದು ಸಹಜ ವೇಗ ಇರುತ್ತೆ: ನೀರು ಮುಟ್ಟೋ ಉದ್ದ 25 ಅಡಿ ಅಂದ್ರೆ ಅದರ ವರ್ಗಮೂಲ 5, ಅದನ್ನ 1.34ರಿಂದ ಗುಣಿಸಿದ್ರೆ 6.7 ನಾಟ್, ಗಂಟೆಗೆ ಸುಮಾರು 12 ಕಿಲೋಮೀಟರ್. ಉದ್ದ ಹೆಚ್ಚಿದಷ್ಟೂ ಈ ವೇಗವೂ ಹೆಚ್ಚು. ಅಂದ್ರೆ ಇಲ್ಲಿ ಉದ್ದ ಇರೋದೇ ಒಳ್ಳೇದು. ಅದಕ್ಕಿಂತ ಸ್ವಲ್ಪ ಕಮ್ಮಿ ವೇಗದಲ್ಲಿ ಹೋದ್ರಂತೂ ಎಣ್ಣೆ ಖರ್ಚು ದಡ್ ಅಂತ ಇಳಿಯುತ್ತೆ.

ಕಾಂಡ್ಲಾ ಗಿಡ, ಕೊಕ್ಕರೆ ನೋಡೋಕೆ ಬಂದವರಿಗೆ ಗಂಟೆಗೆ 40 ಕಿಲೋಮೀಟರ್ ಯಾಕೆ? ಅಷ್ಟು ಜೋರಾಗಿ ಹೋದ್ರೆ ಕೊಕ್ಕರೆ ಇರುತ್ತಾ?

ಹಾಗಾಗಿ ಮೂರನೇ ಲೆಕ್ಕ ಹಾಕಿದ್ವಿ. 25 ಅಡಿಯ ಉದ್ದನೆ ಫೈಬರ್ ದೋಣಿ, 25 ಎಚ್‌ಪಿ ಡೀಸೆಲ್ ಇಂಜಿನ್, ಹತ್ತು ಜನ. ಆರಾಮಾಗಿ ಓಡಿಸಿದ್ರೆ ಗಂಟೆಗೆ ಮೂರರಿಂದ ನಾಲ್ಕು ಲೀಟರ್ ಸಾಕು. ಚಿಕ್ಕ ಸ್ಪೀಡ್ ಬೋಟಿನ ಅರ್ಧಕ್ಕಿಂತ ಕಮ್ಮಿ ಖರ್ಚು, ಸೀಟು ಜಾಸ್ತಿ. ಒಬ್ಬರೇ ಬಂದ್ರೂ ಡೀಸೆಲ್ ದುಡ್ಡು ಹೆಚ್ಚುಕಮ್ಮಿ ಬಂದ ಹಾಗೆ. ತೊಂದರೆ ಇಲ್ಲ ಅಂತಲ್ಲ. ಅಳಿವೆ ಬಾಗಿಲಲ್ಲಿ ಇಳಿತದ ಹೊತ್ತಿಗೆ ಸೆಳೆತ ಜೋರು, ಇಷ್ಟು ಸಣ್ಣ ಇಂಜಿನ್ ಇಟ್ಕೊಂಡು ಆ ಕಡೆ ತಲೆ ಹಾಕಬಾರದು. ಡೀಸೆಲ್ ಇಂಜಿನ್ ಸದ್ದು ಮಾಡುತ್ತೆ. ಇನ್‌ಸ್ಟಾಗ್ರಾಂ ರೀಲ್‌ನಲ್ಲಿ ಅಷ್ಟು ಚೆನ್ನಾಗಿ ಕಾಣಲ್ಲ. ನಮ್ಮ ತಮ್ಮನಿಗೆ ಮುಖ್ಯವಾಗಿ ಬೇಜಾರಾಗಿದ್ದು ಈ ಕೊನೇದಕ್ಕೆ.

ಚಿಕ್ಕಪ್ಪನಿಗೂ ಫೋನಲ್ಲಿ ಎಲ್ಲಾ ವಿವರಿಸಿದೆ. ಪೂರ್ತಿ ಕೇಳಿ, "ಅಲ್ಲಮ್ಮ, ಟ್ರ್ಯಾಕ್ಟರ್ ತಗೋವಾಗ ಡೀಲರ್ ಹೇಳಿದ್ದನ್ನ ನಂಬದೆ ಹೊಲದಲ್ಲಿ ಒಂದು ಸಾಲು ಹೊಡೆಸಿ ನೋಡಿದ್ವಿ. ಇದಕ್ಕೂ ಹಂಗೇ ಮಾಡೋಕಾಗಲ್ವಾ?" ಅಂದ್ರು. ಖಂಡಿತ ಆಗುತ್ತೆ. ಟ್ಯಾಂಕ್ ಕುತ್ತಿಗೆವರೆಗೆ ತುಂಬಿಸೋದು. ಖಾಲಿ ಬೋಟಲ್ಲ, ಮರಳಿನ ಚೀಲವೋ ಜನವೋ ಹತ್ತಿಸಿ ಒಂದು ಗಂಟೆ ಓಡಿಸೋದು. ವಾಪಸ್ ಬಂದು ಮತ್ತೆ ಕುತ್ತಿಗೆವರೆಗೆ ತುಂಬಿಸಿ ಎಷ್ಟು ಲೀಟರ್ ಹಿಡಿಸ್ತು ಅಂತ ನೋಡೋದು. ಮಾರೋರು ಇದಕ್ಕೆ ಒಪ್ಪಲ್ಲ ಅಂದ್ರೆ ಅಲ್ಲಿಂದ ಎದ್ದು ಬರೋದು.

ಬರೋ ಭಾನುವಾರ ಅಪ್ಪ-ಮಗ ಇಬ್ಬರೂ ಆ ಮೂರನೇ ದೋಣಿ ನೋಡೋಕೆ ಹೋಗ್ತಾ ಇದಾರೆ. ಚಿಕ್ಕಪ್ಪ ಅಳತೆಗೆ ಅಂತ ಮನೆಯಿಂದ ಐದು ಲೀಟರ್ ಕ್ಯಾನ್ ತಗೊಂಡು ಹೋಗ್ತಾರಂತೆ. ಎಷ್ಟು ಲೀಟರ್ ಹಿಡಿಸ್ತು ಅಂತ ಮುಂದಿನ ಎಪಿಸೋಡ್‌ನಲ್ಲಿ ಹೇಳ್ತೀನಿ.