ಸೇವೆಯ ಕೈಗಳಿಗೆ ಕಲಿಕೆಯ ಬಲ

ಸಂತ ಕಮಿಲ್ಲಸರ ಹಬ್ಬದ ಪ್ರಬೋಧನೆ, ಜುಲೈ 14



ಇಂದು ನಾವು ಸಂತ ಕಮಿಲ್ಲಸರ ಹಬ್ಬವನ್ನು ಆಚರಿಸುತ್ತಿದ್ದೇವೆ. 1550ರಲ್ಲಿ ಇಟಲಿಯಲ್ಲಿ ಹುಟ್ಟಿದ ಇವರು ಮೊದಲು ಸೈನಿಕರು; ಜೂಜಿನಲ್ಲಿ ಇದ್ದುದನ್ನೆಲ್ಲ ಕಳೆದುಕೊಂಡವರು. ಅವರ ಕಾಲಿನ ಹುಣ್ಣು ಕೊನೆಯವರೆಗೂ ಮಾಯಲಿಲ್ಲ. ಚಿಕಿತ್ಸೆಗೆಂದು ರೋಮಿನ ಆಸ್ಪತ್ರೆ ಸೇರಿದಾಗ, ಅಲ್ಲಿನ ಕೂಲಿಯಾಳುಗಳು ರೋಗಿಗಳನ್ನು ಕಡೆಗಣಿಸುವುದನ್ನು ಕಂಡು ಮರುಗಿದರು. ಮರುಗಿ ಸುಮ್ಮನಾಗದೆ, ರೋಗಿಗೆ ಉಣಿಸುವುದು ಹೇಗೆ, ಹಾಸಿಗೆ ಸರಿಪಡಿಸುವುದು ಹೇಗೆ ಎಂದು ನಿಯಮಗಳನ್ನು ಬರೆದು ಸಂಗಡಿಗರಿಗೆ ಕಲಿಸಿದರು. 1930ರಲ್ಲಿ ಜಗದ್ಗುರು ಹನ್ನೊಂದನೆಯ ಪಯಸ್‌ರವರು ಇವರನ್ನು ದಾದಿಯರ ಪಾಲಕ ಸಂತರೆಂದು ಘೋಷಿಸಿದರು. ಕರುಣೆಗೂ ಕಲಿಕೆ ಬೇಕೆಂಬುದೇ ಇವರ ಬಾಳಿನ ಪಾಠ.

ಈ ಪಾಠ ಇಂದಿನ ಕ್ಯಾನ್ಸರ್ ವಾರ್ಡಿನಲ್ಲಿ ಎದ್ದು ಕಾಣುತ್ತದೆ. ಕೆಲವು ಕೀಮೋಥೆರಪಿ ಔಷಧಿಗಳು ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲ ಮಾಂಸವನ್ನೇ ಸುಡುತ್ತವೆ. ಸೂಜಿ ಚುಚ್ಚಿದಲ್ಲಿ ಉರಿಯುತ್ತಿದೆ ಎಂದು ರೋಗಿ ಹೇಳಿದೊಡನೆ ಔಷಧಿ ನಿಲ್ಲಿಸಬೇಕೆಂದು ದಾದಿಗೆ ತಿಳಿದಿರಬೇಕು. ಕೀಮೋ ಪಡೆದವರಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಬೆಳಗಾಗಲೆಂದು ಕಾಯುವಂತಿಲ್ಲ; ಬಿಳಿ ರಕ್ತಕಣಗಳು ಕುಗ್ಗಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಅಪಾಯ. ತೀವ್ರ ನೋವಿಗೆ ಕೊಡುವ ಮಾರ್ಫಿನ್ ಅನ್ನು ರೋಗಿ ನರಳುವ ತನಕ ತಡೆಯದೆ ಹೊತ್ತುಹೊತ್ತಿಗೆ ಕೊಡಬೇಕು. ಒಳ್ಳೆಯ ಮನಸ್ಸಿದ್ದ ಮಾತ್ರಕ್ಕೆ ಇದೆಲ್ಲ ಬರುವುದಿಲ್ಲ. ಅದಕ್ಕೆಂದೇ ಭಾರತೀಯ ನರ್ಸಿಂಗ್ ಪರಿಷತ್ತು, ನರ್ಸಿಂಗ್ ಮುಗಿಸಿದವರಿಗಾಗಿ ಕ್ಯಾನ್ಸರ್ ಶುಶ್ರೂಷೆಯಲ್ಲಿ ಒಂದು ವರ್ಷದ ಡಿಪ್ಲೊಮಾ ರೂಪಿಸಿದೆ. ಆದರೆ ತನ್ನ ಸಂಬಳದಿಂದಲೇ ಮನೆ ನಡೆಸುವ ಮಗಳಿಗೆ ಒಂದು ವರ್ಷ ಓದಲು ಹೋಗುವುದು ಸುಲಭವೇ?

ಸದಯ ಸಮಾರಿಯದವನ ಸಾಮತಿ ನಮಗೆ ಗೊತ್ತು. ಅವನು ಎಣ್ಣೆ, ದ್ರಾಕ್ಷಾರಸ ಹಾಕಿ ಗಾಯ ಕಟ್ಟಿದ್ದನ್ನು ನೆನೆಯುತ್ತೇವೆ. ಮರುದಿನ ಛತ್ರದವನ ಕೈಗೆ ಎರಡು ನಾಣ್ಯಗಳನ್ನಿತ್ತು, ಹೆಚ್ಚು ಖರ್ಚಾದರೆ ತಾನೇ ತೀರಿಸುವುದಾಗಿ ಹೇಳಿದ್ದನ್ನು ಮರೆಯುತ್ತೇವೆ. ಆರೈಕೆ ಮಾಡುವವರಿಗೆ ಆಸರೆಯಾಗುವುದೂ ಆರೈಕೆಯೇ.

ನಮ್ಮ ಧರ್ಮಕೇಂದ್ರಗಳ ಎಷ್ಟೋ ಹೆಣ್ಣುಮಕ್ಕಳು ದಾದಿಯರಾಗಿದ್ದಾರೆ. ರಜೆಗೆ ಬಂದಾಗ ಸಂಬಳವೆಷ್ಟು, ಮದುವೆ ಯಾವಾಗ ಎಂದು ವಿಚಾರಿಸುತ್ತೇವೆ. 'ಮುಂದೆ ಏನು ಓದಬೇಕೆಂದಿದ್ದೀಯಮ್ಮಾ?' ಎಂದೂ ಕೇಳೋಣ. ಹಬ್ಬದ ದೀಪಾಲಂಕಾರಕ್ಕೆ, ಪಟಾಕಿಗೆ ತೆಗೆದಿಡುವ ಹಣದ ಒಂದು ಪಾಲನ್ನು ಒಬ್ಬ ದಾದಿಯ ಶುಲ್ಕಕ್ಕೆ ಮೀಸಲಿಡೋಣ. ಆಕೆ ಓದುವ ವರ್ಷ ಆ ಮನೆಯ ಅಕ್ಕಿಬೇಳೆಯ ಚಿಂತೆಯನ್ನು ಹಂಚಿಕೊಳ್ಳೋಣ. ಆಸ್ಪತ್ರೆ ನಡೆಸುವವರು ಸಂಬಳ ಸಹಿತ ರಜೆ ಕೊಟ್ಟು, ಕಲಿತು ಬಂದವಳನ್ನು ಕ್ಯಾನ್ಸರ್ ವಾರ್ಡಿನಲ್ಲೇ ಉಳಿಸಿಕೊಳ್ಳಲಿ.

ನಾಳೆ ಆ ಹಾಸಿಗೆಯಲ್ಲಿ ಮಲಗಿರುವವರು ನಮ್ಮ ತಾಯಿಯೇ ಆಗಿರಬಹುದು. ನಡುರಾತ್ರಿ ಅವರ ಹಣೆ ಮುಟ್ಟಿ ನೋಡುವ ಕೈ, ಪ್ರೀತಿಯ ಜೊತೆಗೆ ತಿಳಿವಳಿಕೆಯೂ ಉಳ್ಳ ಕೈಯಾಗಿರಲಿ.

ಸಂತ ಕಮಿಲ್ಲಸರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.