ಅಟ್ಟದ ಬೋದಿಗೆ, ಪಡಸಾಲೆಯ ಬುದ್ಧ



ಅಡಿಕೆಗೆ ಒಳ್ಳೆಯ ಧಾರಣೆ ಸಿಕ್ಕ ವರ್ಷ ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ಗೃಹಪ್ರವೇಶದ ಕಾರ್ಡುಗಳು ಜೋರಾಗಿ ಬರುತ್ತವೆ. ಊಟಕ್ಕೆ ಮೊದಲು ಮನೆ ನೋಡುವುದು ವಾಡಿಕೆಯಷ್ಟೆ? ಹೋದರೆ ಪಡಸಾಲೆಯಲ್ಲಿ, ಟಿವಿ ಪಕ್ಕದಲ್ಲಿ, ಕಣ್ಣು ಮುಚ್ಚಿ ಕೂತ ಒಬ್ಬ ಬುದ್ಧ ಇದ್ದೇ ಇರುತ್ತಾನೆ. ಫೈಬರಿನವನು. ತಲೆಯ ಹಿಂದೆ ನೀಲಿ ದೀಪ, ಕಾಲಡಿಯಲ್ಲಿ ಕರೆಂಟು ಇದ್ದಾಗ ನೀರು ಸುರಿಯುವ ಪುಟ್ಟ ಕಾರಂಜಿ. ಮೊಬೈಲಿನಲ್ಲಿ ಆರ್ಡರ್ ಮಾಡಿ ತರಿಸಿದ್ದು. ಇರಲಿ, ಚೆನ್ನಾಗಿಲ್ಲ ಎಂದು ಗೃಹಪ್ರವೇಶದ ದಿನ ಯಾರು ಹೇಳುತ್ತಾರೆ! ಆದರೆ ಕೈ ತೊಳೆಯಲು ಹಿತ್ತಲಿಗೆ ಹೋದಾಗ ಕಾಣುವುದೇ ಬೇರೆ. ಕೆಡವಿದ ಹಳೇ ಮನೆಯ ಕಂಬ, ತೊಲೆ, ಬೋದಿಗೆಗಳು ಮಳೆಯಲ್ಲಿ ನೆನೆಯುತ್ತಾ ಬಿದ್ದಿರುತ್ತವೆ. ಅವು ನೀರೊಲೆಗೆ ಹೋಗಬೇಕು, ಇಲ್ಲವೇ ಗುಜರಿಯವನ ಟೆಂಪೋ ಹತ್ತಬೇಕು.

ಅಂಕಣದ ಮನೆಯಲ್ಲಿ ಬೆಳೆದವರಿಗೆ ಬೋದಿಗೆ ಗೊತ್ತು. ಕಂಬದ ನೆತ್ತಿಯ ಮೇಲೆ ಅಡ್ಡಲಾಗಿ ಕೂತು ತೊಲೆಯನ್ನು ಹೊರುವ ಮರದ ತುಂಡು ಅದು. ತೊಲೆಯ ಭಾರ ಒಂದೇ ಕಡೆ ಬೀಳದೆ ಎರಡೂ ಬದಿಗೆ ಹಂಚಿಹೋಗಲಿ ಎಂದು ಇಡುವುದು. ಕೆಲಸ ಅಷ್ಟೇ. ಆದರೆ ನಮ್ಮ ಬಡಗಿಗಳು ಅಷ್ಟಕ್ಕೇ ಬಿಟ್ಟವರಲ್ಲ. ಎರಡೂ ತುದಿಗಳನ್ನು ಕೆಳಗೆ ಬಾಗಿಸಿ, ಅಲ್ಲೊಂದು ಕಮಲದ ಮೊಗ್ಗು ಬಿಡಿಸಿ, ಮೊಗ್ಗಿಗೆ ಒಂದೊಂದೇ ಎಸಳು ಎಬ್ಬಿಸಿ, ಕೆಲವು ಕಡೆ ಪಕ್ಕದಲ್ಲೊಂದು ಗಿಣಿಯನ್ನೂ ಕೂರಿಸುತ್ತಿದ್ದರು. ತಲೆ ಎತ್ತಿ ನೋಡಿದರೆ ಮಾತ್ರ ಕಾಣುವ ಜಾಗ. ಒಲೆಯ ಹೊಗೆ ಹಿಡಿದು ಕಪ್ಪಾಗುವ ಜಾಗ. ಆದರೂ ಎಸಳಿನ ಅಂಚು ಚೂಪಾಗಿಯೇ ಇರುತ್ತದೆ. ಬಾಗಿಲವಾಡದ ಮೇಲಿನ ಗಜಲಕ್ಷ್ಮಿಯದೂ ಇದೇ ಕಥೆ. ಎಷ್ಟು ಸಲ ಬಣ್ಣ ಬಳಿದಿರುತ್ತೇವೆಂದರೆ ಆನೆಯ ಸೊಂಡಿಲು ಎಲ್ಲಿ, ಲಕ್ಷ್ಮಿಯ ಕೈ ಎಲ್ಲಿ ಎಂದು ಹುಡುಕಬೇಕು.

ತೂಕದ ಲೆಕ್ಕದಲ್ಲಿ ಟೆಂಪೋ ಹತ್ತಿದ ಇದೇ ಸಾಮಾನು ಬೆಂಗಳೂರು ಮುಟ್ಟಿ, ಉಜ್ಜಿಸಿಕೊಂಡು, ಎಣ್ಣೆ ಕುಡಿದು, ‘ಆಂಟಿಕ್’ ಎಂದು ಚೀಟಿ ಅಂಟಿಸಿಕೊಂಡು ಹೋಟೆಲುಗಳ, ವಿಲ್ಲಾಗಳ ಗೋಡೆ ಏರುತ್ತದೆ. ಮಾರಿದವನ ಮಗ ಆ ಹೋಟೆಲಿಗೇ ಹೋಗಿ ಅದರ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಇದರಲ್ಲಿ ಗುಜರಿಯವನ ತಪ್ಪೇನಿದೆ? ಅವನಿಗೆ ಅದರ ಬೆಲೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಆರ್‌ಸಿಸಿ ಮನೆಗೆ ತೊಲೆ ಬೇಡ, ಸರಿ. ಆದರೆ ಎರಡು ಬೋದಿಗೆಗಳನ್ನು ಗೋಡೆಗೆ ಕೂರಿಸಿ ಮೇಲೊಂದು ಹಲಗೆ ಇಟ್ಟರೆ ಪುಸ್ತಕಕ್ಕೋ ದೀಪಕ್ಕೋ ಜಾಗವಾಗುತ್ತದೆ. ಊರಿನ ಬಡಗಿಗೆ ಅದು ಅರ್ಧ ದಿನದ ಕೆಲಸ.

ಹೊಸ ಶಿಲ್ಪ ಬೇಕೆನ್ನುವವರಿಗೆ ನಾಡಿನಲ್ಲಿ ಬಡತನವಿಲ್ಲ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ, ಕಾರ್ಕಳದಲ್ಲಿ ಉಳಿಯ ಸದ್ದು ಇನ್ನೂ ನಿಂತಿಲ್ಲ. ಕೊಪ್ಪಳದ ಕಿನ್ನಾಳದಲ್ಲಿ ಹಗುರ ಮರದ ಗೊಂಬೆಗಳಿಗೆ ಬಣ್ಣ ಕಟ್ಟುತ್ತಾರೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಸಿಮೆಂಟಿನಲ್ಲೇ ಒಂದು ಹಳ್ಳಿಯನ್ನು ನಿಲ್ಲಿಸಿದರು. ಅಲ್ಲಿಗೆ ಹೋದವರು ಆಳೋ ಮೂರ್ತಿಯೋ ಎಂದು ಎರಡು ಸಲ ನೋಡುತ್ತಾರೆ. ಇಷ್ಟು ದೂರ ಯಾಕೆ, ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿ ಕಲಿಯುವ ಹುಡುಗ ಹುಡುಗಿಯರ ಕೈಯಲ್ಲಿ ನಿಮ್ಮ ಮನೆಗೆ ಒಂದು ಸಣ್ಣ ಮಣ್ಣಿನ ಶಿಲ್ಪ ಮಾಡಿಸಲು ಕಾರಂಜಿಯ ಬುದ್ಧನಿಗಿಂತ ಹೆಚ್ಚು ಖರ್ಚು ಆಗಲಿಕ್ಕಿಲ್ಲ. ಮಾಡಿದವರ ಹೆಸರನ್ನು ಅಡಿಯಲ್ಲಿ ಬರೆಸಿಕೊಳ್ಳಿ. ನ್ಯಾಮತಿ, ಹೊನ್ನಾಳಿಗೆ ಪಕ್ಕದ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಹೋದ ದಾಸೋಜ ಮತ್ತು ಅವನ ಮಗ ಚಾವಣ 12ನೇ ಶತಮಾನದಲ್ಲಿ ಬೇಲೂರಿನ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಹೆಸರು ಹೇಳಲು ನಮ್ಮ ಶಿಲ್ಪಿಗಳು ನಾಚಿದವರಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಉಳಿಯದಿರುವ ಶಿಲ್ಪಕ್ಕೂ ಮರ್ಯಾದೆ ಇದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ನೀರು ಸೇರುತ್ತದೆ. ಗೌರಿ ಹುಣ್ಣಿಮೆಯ ಸಕ್ಕರೆ ಆರತಿಯ ಆನೆ, ನವಿಲು, ತೇರುಗಳು ಮಕ್ಕಳ ಹೊಟ್ಟೆ ಸೇರುತ್ತವೆ. ಅವುಗಳನ್ನು ಎರಕ ಹೊಯ್ಯುವ ಮರದ ಅಚ್ಚು ಮಾತ್ರ ತಲೆಮಾರುಗಟ್ಟಲೆ ಉಳಿಯುತ್ತದೆ. ಅಂಥ ಅಚ್ಚೊಂದು ನಿಮ್ಮ ಅಟ್ಟದಲ್ಲಿದ್ದರೆ ಇಳಿಸಿ, ಒರೆಸಿ, ಕಾಣುವ ಹಾಗೆ ಇಡಿ.

ಇಡುವುದರಲ್ಲೂ ಒಂದೆರಡು ಮಾತಿದೆ. ಗ್ರಾನೈಟ್ ಕಲ್ಲು ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ ಇದ್ದರೆ 75 ಕಿಲೋ ಆಸುಪಾಸು ತೂಗುತ್ತದೆ. ಗಾಜಿನ ಷೋಕೇಸಿನಲ್ಲಿಡುವ ಬಾಬತ್ತಲ್ಲ. ದೀಪವನ್ನು ಎದುರಿಗೆ ಹಾಕಿದರೆ ಕೆತ್ತನೆ ಸತ್ತಂತೆ ಕಾಣುತ್ತದೆ. ಪಕ್ಕದಿಂದ ಬಿದ್ದರೆ ನೆರಳು ಮೂಡಿ ಮೂಗು, ತುಟಿ, ಬೆರಳು ಎದ್ದುಬರುತ್ತವೆ. ಅಜ್ಜಿಯ ಕಾಲದ ಹಿತ್ತಾಳೆ ಮೂರ್ತಿಯನ್ನು ಪ್ರತಿ ಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹಾಗೆ ತಿಕ್ಕಿ ತಿಕ್ಕಿಯೇ ಎಷ್ಟೋ ಮನೆಗಳ ಕೃಷ್ಣನಿಗೆ ಈಗ ಕಣ್ಣು ಮೂಗು ಇಲ್ಲ.

ಇನ್ನು ನನಗೆ ಕಸಿವಿಸಿಯಾಗುವ ಸಂಗತಿಗೆ ಬರುತ್ತೇನೆ. ಮನೆಯ ಬೋದಿಗೆ ಮನೆಯವರದು, ಏನಾದರೂ ಮಾಡಿಕೊಳ್ಳಲಿ. ಆದರೆ ಕೆರೆ ಏರಿಯ ಮೇಲಿನ ವೀರಗಲ್ಲು? ಅರಳಿಕಟ್ಟೆಯ ನಾಗರಕಲ್ಲು? ಭಿನ್ನವಾಗಿದೆ ಎಂದು ಊರವರು ಗುಡಿಯ ಹೊರಗಿಟ್ಟ ಮೂರ್ತಿ? ತೋಟದ ಮನೆಯ ಗೇಟಿಗೆ ‘ಒಂದು ಲುಕ್ ಬರಲಿ’ ಎಂದು ಇಂಥವುಗಳ ಮೇಲೆ ಕಣ್ಣು ಹಾಕುವವರು ಹೆಚ್ಚುತ್ತಿದ್ದಾರೆ.

ವೀರಗಲ್ಲನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ. ಹಿಂದೆ ದನಗಳ ಸಾಲು ಕಂಡರೆ ತುರು ಕಾಯಲು ಹೋಗಿ ಸತ್ತವನು ಎಂದು ತಿಳಿಯಬೇಕು. ನಡುವೆ ಅವನನ್ನು ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಲಿಂಗ, ಬಸವನ ಮುಂದೆ ಕೈಮುಗಿದು ಕೂತಿರುತ್ತಾನೆ. ಇದು ಒಂದು ಊರು ತನ್ನ ಮನುಷ್ಯನಿಗೆ, ಅವನು ಕಾಯ್ದ ನೆಲದಲ್ಲೇ ನಿಲ್ಲಿಸಿದ ಕಲ್ಲು. ಬೆಳಗುತ್ತಿಯ ಸಿಂದರು ಆಳಿದ ಈ ನ್ಯಾಮತಿ ಸೀಮೆಯಿಂದ ಹಿಡಿದು ಜಗಳೂರಿನ ಬಯಲಿನವರೆಗೆ ಇಂಥ ಕಲ್ಲುಗಳಿವೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕ’ದ 7ನೇ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳಿವೆ, ಜಗಳೂರಿನವು 11ನೇ ಸಂಪುಟದಲ್ಲಿವೆ. ಇಂಥ ಗುಡಿಯ ಮುಂದೆ, ಇಂಥ ಹೊಲದಲ್ಲಿ ಎಂದು ಒಂದೊಂದು ಕಲ್ಲಿಗೂ ಅಲ್ಲಿ ಜಾಗ ಗುರುತಿಸಿದ್ದಾರೆ. ಕಲ್ಲನ್ನು ಕಿತ್ತು ಲಾರಿಗೆ ಹಾಕಿದ ಮೇಲೆ ಆ ಬರಹವನ್ನು ಯಾವ ಊರಿನ ಚರಿತ್ರೆಗೆ ಸೇರಿಸುವುದು?

ಕಾನೂನೂ ಇದೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕಲ್ಲಿನ, ಲೋಹದ ಮೂರ್ತಿ ಇದ್ದರೆ ನೋಂದಾಯಿಸಬೇಕು, ಮಾರುವವನಿಗೆ ಲೈಸೆನ್ಸ್ ಬೇಕು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವ ಹಾಗಿಲ್ಲ. ತಮಿಳುನಾಡಿನ ಶ್ರೀಪುರಂತಾನ್ ಗುಡಿಯಿಂದ ಕಳುವಾದ ನಟರಾಜನನ್ನು ಆಸ್ಟ್ರೇಲಿಯಾದ ರಾಷ್ಟ್ರೀಯ ಕಲಾ ಗ್ಯಾಲರಿ ಸುಮಾರು 50 ಲಕ್ಷ ಡಾಲರ್ ಕೊಟ್ಟು ಕೊಂಡಿತ್ತು. 2014ರಲ್ಲಿ ಅಲ್ಲಿಯ ಪ್ರಧಾನಿಯೇ ದೆಹಲಿಗೆ ಬಂದು ವಾಪಸು ಕೊಟ್ಟರು. ಅಷ್ಟು ದೊಡ್ಡ ಸಂಸ್ಥೆಯೇ ಮೋಸಹೋದ ವ್ಯಾಪಾರ ಇದು. ನಿಮಗೆ ‘ಹೊಯ್ಸಳರ ಕಾಲದ್ದು’ ಎಂದು ಯಾರಾದರೂ ಮೂರ್ತಿ ತೋರಿಸಿದರೆ, ಒಂದೋ ಅದು ಕದ್ದದ್ದು, ಇಲ್ಲವೇ ಆಸಿಡ್ ಹಾಕಿ ಹಳೆಯದು ಮಾಡಿದ್ದು. ಎರಡೂ ಬೇಡ.

ಇಂಥ ಕಲ್ಲುಗಳ ನಡುವೆ ಹೊತ್ತು ಕಳೆಯುವ ಆಸೆಯಿದ್ದರೆ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ಅಂಗಳಕ್ಕೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಊರಲ್ಲಿರುವ ವೀರಗಲ್ಲಿಗೆ ಭಕ್ತಿಯಿಂದಲೇ ಆದರೂ ಆಯಿಲ್ ಪೇಂಟ್ ಬಳಿಯಬೇಡಿ, ಅಕ್ಷರ ಮುಚ್ಚಿಹೋಗುತ್ತವೆ. ಉಳುವಾಗ, ಪಾಯ ತೆಗೆಯುವಾಗ ಮೂರ್ತಿ ಸಿಕ್ಕರೆ ಜೆಸಿಬಿ ನಿಲ್ಲಿಸಿ, ಸಿಕ್ಕ ಜಾಗದಲ್ಲೇ ಫೋಟೋ ತೆಗೆದು, ತಹಶೀಲ್ದಾರರ ಕಚೇರಿಗೆ ತಿಳಿಸಿ.